ತೊಟ್ಟಿಯ ಲೆಕ್ಕ, ತಂಗಿಯ ಲೆಕ್ಕ

ಕಳೆದ ಭಾನುವಾರ ತಂಗಿಯ ಮಗಳು ನಮ್ಮ ಮನೆಯ ಊಟದ ಮೇಜಿನ ತುಂಬ ರಸಾಯನಶಾಸ್ತ್ರದ ಪುಸ್ತಕಗಳನ್ನು ಹರಡಿಕೊಂಡು ಕುಳಿತಿದ್ದಳು. ದ್ವಿತೀಯ ಪಿಯುಸಿ. ಕಣ್ಣು ಮುಚ್ಚಿಕೊಂಡು ಮಂತ್ರದಂತೆ ಏನನ್ನೋ ಹೇಳಿಕೊಳ್ಳುತ್ತಿದ್ದಳು. ಕಿವಿಗೊಟ್ಟು ಕೇಳಿದರೆ, ‘ಎರಡು ಪಾಯಿಂಟ್ ಮೂರು ಸೊನ್ನೆ ಮೂರು ಬೈ ಟಿ, ಇಂಟು ಲಾಗ್ ಎ ಬೈ ಎ ಮೈನಸ್ ಎಕ್ಸ್’.

‘ಈ 2.303 ಎಲ್ಲಿಂದ ಬಂತಮ್ಮ?’ ಎಂದೆ. ಮೇಷ್ಟ್ರ ಚಟ, ಭಾನುವಾರವೂ ಬಿಡುವುದಿಲ್ಲ.

‘ಸೂತ್ರದಲ್ಲೇ ಇದೆಯಲ್ಲ ಮಾವ.’

‘ಸೂತ್ರದೊಳಕ್ಕೆ ಎಲ್ಲಿಂದ ಬಂತು?’

‘ಅದನ್ನು ಪರೀಕ್ಷೆಯಲ್ಲಿ ಕೇಳಲ್ಲ’ ಎಂದವಳು ಪುಸ್ತಕ ಮುಚ್ಚಿಟ್ಟು ನನಗೇ ಒಂದು ಪ್ರಶ್ನೆ ಹಾಕಿದಳು. ‘ದೊಡ್ಡ ದೊಡ್ಡ ಗುಣಾಕಾರ ಸುಲಭವಾಗಲಿ ಅಂತ ಲಾಗ್ ಕಂಡುಹಿಡಿದರು ಅಂತ ನೀವೇ ಹೇಳಿದ್ದಿರಿ. ಈಗ ಫೋನಿನಲ್ಲೇ ಕ್ಯಾಲ್ಕುಲೇಟರ್ ಇದೆ. ಇನ್ನೂ ಲಾಗ್ ಯಾಕೆ ಮಾವ? ಪರೀಕ್ಷೆ ಹಾಲಿಗೆ ಸೈಂಟಿಫಿಕ್ ಕ್ಯಾಲ್ಕುಲೇಟರ್ ಬಿಡಲ್ಲ ಅನ್ನೋದೊಂದೇ ಕಾರಣಾನಾ?’

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಅರ್ಧ ಉತ್ತರವನ್ನು ನಾನೇ ಎಷ್ಟೋ ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದವನು. ನನಗೂ ಯಾರೋ ಅಷ್ಟೇ ಹೇಳಿದ್ದರು.

ನಾನು ಪಿಯುಸಿಗೆ ಸೇರಿದ್ದು 1986ರಲ್ಲಿ. ಆಗ ವಿಜ್ಞಾನದ ಹುಡುಗ ಎಂಬುದಕ್ಕೆ ಗುರುತು ಕಂಕುಳಲ್ಲಿನ ಕ್ಲಾರ್ಕ್ಸ್ ಟೇಬಲ್ಸ್. ನನ್ನ ಪ್ರತಿ ಮೂವರು ಸೀನಿಯರ್‌ಗಳ ಕೈದಾಟಿ ಬಂದದ್ದು. ಆಂಟಿಲಾಗ್ ಪುಟದ ಒಂದು ಮೂಲೆಯನ್ನು ಇಲಿ ತಿಂದಿತ್ತು. ಆ ಮೂಲೆಯ ಸಂಖ್ಯೆ ಬೇಕಾದಾಗಲೆಲ್ಲ ಪಕ್ಕದವನ ಪುಸ್ತಕದತ್ತ ಕತ್ತು ಚಾಚಬೇಕಾಗಿತ್ತು. ಎಡಗಡೆಯ ಸಾಲು ಹಿಡಿ, ಮೇಲಿನ ಅಂಕಿ ಹಿಡಿ, ಮೀನ್ ಡಿಫರೆನ್ಸ್ ಕೂಡು, ಬಾರ್ ಬಂದರೆ ಹುಷಾರು – ನಮಗೆ ಲಾಗ್ ಎಂದರೆ ಇಷ್ಟೇ. ಬಾರ್ ಎರಡರಲ್ಲಿ ಬಾರ್ ಮೂರನ್ನು ಕಳೆಯುವಾಗ ಅರ್ಧ ತರಗತಿ ಮುಗ್ಗರಿಸುತ್ತಿತ್ತು. ಕೈ ಪಳಗಿತು, ಲಾಗ್ 2 ಎಂದರೆ 0.3010, ಲಾಗ್ 3 ಎಂದರೆ 0.4771 ಎಂಬುದು ಮನೆಯ ಬಾಗಿಲ ನಂಬರಿನಂತೆ ಬಾಯಿಗೆ ಬಂತು. ಆದರೆ ಇದೆಲ್ಲ ಏನು ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಗುಣಾಕಾರವನ್ನು ಸಂಕಲನವಾಗಿಸುವ ಉಪಾಯವೇನೂ ಸಣ್ಣದಲ್ಲ. ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಲಘುಗಣಕದ ತನ್ನ ಪುಸ್ತಕ ಪ್ರಕಟಿಸಿದ. ಅದನ್ನು ಓದಿ ಮರುಳಾದ ಹೆನ್ರಿ ಬ್ರಿಗ್ಸ್ ಎಂಬ ಗಣಿತದ ಮೇಷ್ಟ್ರು ಲಂಡನ್ನಿನಿಂದ ಅವನನ್ನು ಹುಡುಕಿಕೊಂಡು ಹೋದ. ಹತ್ತನ್ನು ಆಧಾರವಾಗಿಟ್ಟುಕೊಂಡರೆ ಅನುಕೂಲ ಎಂದು ಇಬ್ಬರೂ ಒಪ್ಪಿದ ಮೇಲೆ ಬ್ರಿಗ್ಸ್ ಕುಳಿತು, 1624ರ ಹೊತ್ತಿಗೆ 30,000 ಸಂಖ್ಯೆಗಳ ಲಾಗ್ ಅನ್ನು 14 ದಶಮಾಂಶ ಸ್ಥಾನಗಳವರೆಗೆ ಅಚ್ಚು ಹಾಕಿಸಿದ. ಎಲ್ಲವೂ ಕೈಯಲ್ಲಿ ಮಾಡಿದ ಲೆಕ್ಕ. ಮೂರೂವರೆ ಶತಮಾನ ಖಗೋಳ ವಿಜ್ಞಾನಿಗಳು, ಹಡಗಿನವರು, ಎಂಜಿನಿಯರುಗಳು ಆ ಅನ್ನ ಉಂಡರು. ಅಗ್ಗದ ಕ್ಯಾಲ್ಕುಲೇಟರ್ ಬಂದು ಆ ಕೆಲಸವನ್ನು ಕಿತ್ತುಕೊಂಡಿತು. ಗುಮಾಸ್ತಿಕೆಯಿಂದ ಲಾಗ್‌ಗೆ ನಿವೃತ್ತಿಯಾಯಿತು ಎನ್ನಬಹುದು.

ಅದಕ್ಕೆ ಇನ್ನೊಂದು ಕೆಲಸವೂ ಇತ್ತು, ಅದರಿಂದ ಅದು ನಿವೃತ್ತಿಯಾಗಿಲ್ಲ ಎಂಬುದು ನನಗೆ ಮನದಟ್ಟಾದದ್ದು 2011ರಲ್ಲಿ, ಬೆಂಗಳೂರಿನ ಒಂದು ಆಸ್ಪತ್ರೆಯ ಬೆಂಚಿನ ಮೇಲೆ. ಅದನ್ನು ಹುಡುಗಿಗೆ ಹೇಳಲೇ ಬೇಡವೇ ಎಂದು ಒಂದು ಕ್ಷಣ ಯೋಚಿಸಿದೆ. ಅವಳ ಅಮ್ಮನ ಕಥೆ ಅದು. ಅವಳದೂ ಹೌದು.

ಆ ವರ್ಷ ತಂಗಿಯ ಕತ್ತಿನಲ್ಲಿ ಸಣ್ಣ ಗಂಟು ಕಾಣಿಸಿಕೊಂಡಿತು. ಪರೀಕ್ಷೆ ಮಾಡಿಸಿದಾಗ ಥೈರಾಯ್ಡಿನ ಕ್ಯಾನ್ಸರ್ ಎಂದರು. ಶಸ್ತ್ರಚಿಕಿತ್ಸೆ ಮಾಡಿ ಗ್ರಂಥಿಯನ್ನು ತೆಗೆದರು. ಕತ್ತಿನಲ್ಲಿ ಚೂರುಪಾರು ಉಳಿದಿದ್ದರೆ ಅದನ್ನೂ ಕೊಲ್ಲಬೇಕು. ಅದಕ್ಕೆ ವಿಕಿರಣಶೀಲ ಅಯೋಡಿನ್ ಕೊಡುತ್ತೇವೆ ಎಂದರು. ಥೈರಾಯ್ಡಿನ ಜೀವಕೋಶಗಳಿಗೆ ಅಯೋಡಿನ್ ಎಂದರೆ ಬಲು ಆಸೆ. ದೇಹದಲ್ಲಿ ಎಲ್ಲಿ ಅಡಗಿದ್ದರೂ ಬಂದದ್ದನ್ನು ಬಾಚಿ ನುಂಗುತ್ತವೆ. ಆ ಆಸೆಯನ್ನೇ ಹಿಡಿದು ಅವುಗಳಿಗೆ ಅಯೋಡಿನ್–131 ಉಣಿಸಿದರೆ ಅದರ ಬೀಟಾ ಕಣಗಳು ಒಳಗಿನಿಂದಲೇ ಅವನ್ನು ಮುಗಿಸುತ್ತವೆ. ಆಸೆ ಇನ್ನಷ್ಟು ಹೆಚ್ಚಲಿ ಎಂದು ಚಿಕಿತ್ಸೆಗೆ ಮೊದಲು ಕೆಲವು ದಿನ ಅಯೋಡಿನ್ ಕಡಿಮೆ ಇರುವ ಊಟ. ನಮ್ಮಮ್ಮ ಅಯೋಡಿನ್ ಬೆರೆಸದ ಉಪ್ಪಿಗಾಗಿ ಪೇಟೆಯೆಲ್ಲ ಅಲೆದಳು.

ತೊಂದರೆ ಏನೆಂದರೆ, ಗುಳಿಗೆ ನುಂಗಿದ ರೋಗಿಯೇ ಕೆಲವು ದಿನ ವಿಕಿರಣದ ಆಕರವಾಗುತ್ತಾಳೆ. ಪ್ರತ್ಯೇಕ ಕೋಣೆಯಲ್ಲಿರಬೇಕು, ಯಾರೂ ಹತ್ತಿರ ಹೋಗುವಂತಿಲ್ಲ. ತಂಗಿಗೆ ಕೊಡಬೇಕೆಂದಿದ್ದುದು 100 ಮಿಲಿಕ್ಯೂರಿ. ಅದು ಸುಮಾರು 30ಕ್ಕೆ ಇಳಿದ ಮೇಲೆ ಮನೆಗೆ ಕಳಿಸುತ್ತೇವೆ, ಎರಡು ಮೂರು ದಿನ ಆಗಬಹುದು ಎಂದು ವೈದ್ಯರು ಭಾವನವರಿಗೆ ಹೇಳಿದ್ದರು. ಆಗ ಈ ಹುಡುಗಿಗೆ ಮೂರು ವರ್ಷ. ಅಮ್ಮನ ಸೆರಗು ಬಿಟ್ಟು ಮಲಗಿದವಳಲ್ಲ.

ಭಾವ ಬಂದು ನನಗೆ ಹೇಳಿದಾಗ ನನ್ನೊಳಗಿನ ಬಿಎಸ್‌ಸಿ ಎದ್ದು ಕುಳಿತ. ಅಯೋಡಿನ್–131ರ ಅರ್ಧಾಯು ಎಂಟು ದಿನ. ಎಂಟು ದಿನಕ್ಕೆ ಅರ್ಧವಾಗುವ ವಸ್ತು ಮೂರು ದಿನದಲ್ಲಿ ಮೂರರಲ್ಲೊಂದು ಪಾಲಿಗಿಂತ ಕಡಿಮೆಯಾಗುವುದು ಹೇಗೆ? ಡಾಕ್ಟರು ಧೈರ್ಯಕ್ಕೆ ಹಾಗೆ ಹೇಳಿರಬೇಕು ಎಂದುಕೊಂಡೆ. ಔಷಧಿ ಅಂಗಡಿಯ ಬಿಲ್ಲನ್ನು ಮಗುಚಿ ಹಿಂಬದಿಯಲ್ಲಿ ಲೆಕ್ಕ ಹಾಕಿದೆ.

ವಿದ್ಯಾರ್ಥಿಗಳು ಈ ಲೆಕ್ಕವನ್ನು ನನ್ನ ಜೊತೆ ಮಾಡಬೇಕು. 100 ಒಮ್ಮೆ ಅರ್ಧವಾದರೆ 50, ಎರಡನೆಯ ಸಲ ಅರ್ಧವಾದರೆ 25. ನಮಗೆ ಬೇಕಾದ 30 ಇವೆರಡರ ನಡುವೆ ಇದೆ. ಹಾಗಾದರೆ ಎಷ್ಟು ಸಲ ಅರ್ಧವಾಗಬೇಕು? ಒಂದಕ್ಕಿಂತ ಹೆಚ್ಚು, ಎರಡಕ್ಕಿಂತ ಕಡಿಮೆ. ನಿಖರವಾಗಿ ಎಷ್ಟು ಎಂದು ಹೇಳುವುದೇ ಲಾಗ್‌ನ ಕೆಲಸ. 100 ಭಾಗ 30ರ ಲಾಗ್ ಎಂದರೆ 1ರಲ್ಲಿ 0.4771 ಕಳೆದು 0.5229. ಅದನ್ನು ಲಾಗ್ 2 ಎಂಬ 0.3010ರಿಂದ ಭಾಗಿಸಿದರೆ 1.74. ಅಷ್ಟು ‘ಅರ್ಧ’ಗಳು. ಒಂದೊಂದಕ್ಕೆ ಎಂಟು ದಿನ. ಹದಿನಾಲ್ಕು ದಿನಕ್ಕೆ ಎರಡು ಗಂಟೆ ಕಡಿಮೆ.

ಕೋಷ್ಟಕವೂ ಬೇಕಾಗಲಿಲ್ಲ, ಕ್ಯಾಲ್ಕುಲೇಟರೂ ಬೇಕಾಗಲಿಲ್ಲ. ಇಲಿ ತಿಂದ ಪುಸ್ತಕ ಇಪ್ಪತ್ತೈದು ವರ್ಷದ ಮೇಲೆ ಕೈಹಿಡಿಯಿತು ಎಂದು ಒಳಗೊಳಗೆ ಹೆಮ್ಮೆಯೂ ಆಯಿತು. ‘ಮೂರು ದಿನವಲ್ಲ, ಹದಿನಾಲ್ಕು ದಿನ. ಮನಸ್ಸು ಗಟ್ಟಿ ಮಾಡಿಕೊಳ್ಳಿ’ ಎಂದು ಮನೆಯವರಿಗೆಲ್ಲ ಹೇಳಿಬಿಟ್ಟೆ.

ನಮ್ಮ ಮನೆಯಲ್ಲಿ ವೈದ್ಯರ ಮಾತಿಗಿಂತ ಮೇಷ್ಟ್ರ ಮಾತು ಹೆಚ್ಚು ನಡೆಯುತ್ತದೆ ಎಂಬುದನ್ನು ನಾನು ಮರೆತಿದ್ದೆ. ಅಮ್ಮ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹದಿನಾಲ್ಕರವರೆಗೆ ಬೆರಳು ಮಡಿಸಲು ಕಲಿಸತೊಡಗಿದಳು. ಹತ್ತಕ್ಕೇ ಬೆರಳು ಮುಗಿದು ಮಗು ಅಜ್ಜಿಯ ಬೆರಳು ಹಿಡಿಯಿತು. ಅದನ್ನು ನೋಡುತ್ತ ಕುಳಿತಿದ್ದ ತಂಗಿ ರಾತ್ರಿ ನನ್ನ ಹತ್ತಿರ ಬಂದು, ‘ಅಣ್ಣ, ಹದಿನಾಲ್ಕು ದಿನ ಮಗೂನ ಬಿಟ್ಟು ಆ ಕೋಣೇಲಿ ಇರೋಕೆ ನನ್ನ ಕೈಲಾಗಲ್ಲ. ಹೇಗೂ ಆಪರೇಷನ್ ಆಗಿದೆಯಲ್ಲ, ಇದು ಈಗ ಬೇಡ. ಇವಳು ಸ್ವಲ್ಪ ದೊಡ್ಡವಳಾಗಲಿ’ ಎಂದಳು. ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಹಾಗೆಯೇ ಹೇಳಿದಳು ಕೂಡ.

ಆಗ ನಮ್ಮನ್ನು ಕರೆದು ಕೂರಿಸಿಕೊಂಡವರು ಆ ವಿಭಾಗದ ಭೌತವಿಜ್ಞಾನಿ, ಇನ್ನೂ ಮೂವತ್ತಾಗದ ಹೆಣ್ಣುಮಗಳು, ಹುಬ್ಬಳ್ಳಿ ಕಡೆಯ ಮಾತು. ಹದಿನಾಲ್ಕು ದಿನ ಎಂದು ಯಾರು ಹೇಳಿದರು ಎಂದು ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಬಿಲ್ಲಿನ ಹಿಂಬದಿಯನ್ನು ಮುಂದಿಟ್ಟೆ. ಅವರು ಅದನ್ನು ಗಮನವಿಟ್ಟು ನೋಡಿ, ‘ಲೆಕ್ಕ ಬರೋಬ್ಬರಿ ಐತ್ರಿ ಸರ. ಗುಳಿಗಿ ಸೀಸದ ಡಬ್ಬಿಯೊಳಗ ಇಟ್ರ ಹದಿನಾಕು ದಿನಾನ ಬೇಕು. ಆದ್ರ ನಿಮ್ಮ ತಂಗಿ ಡಬ್ಬಿ ಅಲ್ಲಲ್ರಿ’ ಎಂದರು.

ಅಷ್ಟು ಹೊತ್ತು ನಾನು ಒಂದು ಮೂಲವಸ್ತುವಿನ ಲೆಕ್ಕ ಮಾಡಿದ್ದೆ. ಒಂದು ಶರೀರದ ಲೆಕ್ಕ ಮಾಡಿರಲಿಲ್ಲ. ಥೈರಾಯ್ಡನ್ನು ತೆಗೆದಾಗಿದೆ, ಅಯೋಡಿನ್ನನ್ನು ಹಿಡಿದಿಟ್ಟುಕೊಳ್ಳಲು ಉಳಿದಿರುವುದು ಚೂರು ಮಾತ್ರ. ಮಿಕ್ಕದ್ದು ರಕ್ತದಲ್ಲಿ ಸುತ್ತಿ ಮೂತ್ರದಲ್ಲಿ ಹೊರಟುಹೋಗುತ್ತದೆ. ಪರಮಾಣು ಒಡೆಯುವುದು ಒಂದು ದಾರಿ, ಮೂತ್ರಪಿಂಡ ಹೊರಹಾಕುವುದು ಇನ್ನೊಂದು. ಮೊದಲನೆಯದನ್ನು ಯಾರೂ ಅವಸರ ಮಾಡಲಾರರು. ಎರಡನೆಯದಕ್ಕೆ ಚೆನ್ನಾಗಿ ನೀರು ಕುಡಿದರೆ ಸಾಕು.

ತೊಟ್ಟಿಗೆ ಎರಡು ನಲ್ಲಿಗಳಿದ್ದರೆ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಎಂಬ ಲೆಕ್ಕವನ್ನು ನಾವು ಮಾಧ್ಯಮಿಕ ಶಾಲೆಯಲ್ಲೇ ಮಾಡಿದ್ದೇವೆ. ನೂರು ಸಲ ಮಾಡಿಸಿದ ಮೇಷ್ಟ್ರಿಗೆ ಆಸ್ಪತ್ರೆಯಲ್ಲಿ ಒಂದು ನಲ್ಲಿ ಕಾಣಿಸಲೇ ಇಲ್ಲ.

ಅವರು ಅಷ್ಟಕ್ಕೇ ಬಿಡಲಿಲ್ಲ. ನನ್ನ ಪೆಚ್ಚು ಮುಖ ನೋಡಿ ಕನಿಕರವಾಯಿತೋ ಏನೋ, ಬಿಲ್ಲನ್ನು ವಾಪಸು ಕೊಡುತ್ತ, ‘ಇದು ನಿಮ್ಮ ತಂಗೀ ಲೆಕ್ಕ ಅಲ್ರಿ, ನಮ್ಮ ಟ್ಯಾಂಕಿನ ಲೆಕ್ಕ’ ಎಂದರು. ಆ ಕೋಣೆಯ ಶೌಚಾಲಯದ ನೀರು ನೇರವಾಗಿ ಊರ ಚರಂಡಿಗೆ ಹೋಗುವುದಿಲ್ಲ. ಕಟ್ಟಡದ ಕೆಳಗೆ ಅದಕ್ಕೆಂದೇ ತೊಟ್ಟಿಗಳಿವೆ. ಒಂದು ತುಂಬಿದ ಮೇಲೆ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸುತ್ತಾರೆ. ಮುಚ್ಚಿದ್ದು ತಣ್ಣಗೆ ಕಾಯುತ್ತ ಕೂರುತ್ತದೆ. ಅಲ್ಲಿ ಮೂತ್ರಪಿಂಡವಿಲ್ಲ, ನೀರು ಕುಡಿಯುವವರಿಲ್ಲ; ಎಂಟು ದಿನದ ಅರ್ಧಾಯುವೊಂದೇ ಗತಿ. ತೊಟ್ಟಿ ಎಷ್ಟು ದೊಡ್ಡದಿರಬೇಕು ಎಂದು ನಿರ್ಧರಿಸುವ ಎಂಜಿನಿಯರಿಗೆ ಮೊದಲು ಗೊತ್ತಾಗಬೇಕಾದದ್ದು ಎಷ್ಟು ದಿನ ಕಾಯಬೇಕೆಂಬುದು. ಸಾವಿರದಲ್ಲೊಂದು ಪಾಲಿಗೆ ಇಳಿಯಬೇಕೆಂದರೆ ಸಾವಿರದ ಲಾಗ್ 3, ಭಾಗ 0.3010, ಹತ್ತಿರ ಹತ್ತಿರ ಹತ್ತು ‘ಅರ್ಧ’ಗಳು, ಎಂಬತ್ತು ದಿನ. ಎಂಬತ್ತು ದಿನದ ನೀರು ಹಿಡಿಸುವಷ್ಟು ತೊಟ್ಟಿ ಕಟ್ಟು ಎಂದು ಗಾರೆಯವನಿಗೆ ಹೇಳುವುದು ಕೊನೆಗೂ ಒಂದು ಲಾಗ್.

ಕೋಣೆಯಲ್ಲಿ ಹಾಸಿಗೆಯ ಪಕ್ಕ ನಿಲ್ಲಿಸಿದ್ದ ಸೀಸದ ತಡಿಕೆಯ ಲೆಕ್ಕವೂ ಅದೇ ಜಾತಿಯದು. ಅಯೋಡಿನ್–131ರ ಗಾಮಾ ಕಿರಣ ಅರ್ಧವಾಗಲು ಸುಮಾರು 3 ಮಿಲಿಮೀಟರ್ ಸೀಸ ಬೇಕು. ಇನ್ನೂ 3 ಇಟ್ಟರೆ ಕಾಲು. ಸಾವಿರದಲ್ಲೊಂದಾಗಲು ಒರಟು ಲೆಕ್ಕದಲ್ಲಿ ಮತ್ತೆ ಅದೇ ಹತ್ತು ಸಲ, 30 ಮಿಲಿಮೀಟರ್. ದಿನದ ಜಾಗದಲ್ಲಿ ದಪ್ಪ ಬಂತು, ಅಷ್ಟೆ.

ತಂಗಿ ಒಪ್ಪಿದಳು. ಹತ್ತು ಗಂಟೆಗೆ ಗುಳಿಗೆ ನುಂಗಿ ಬಾಗಿಲು ಹಾಕಿಕೊಂಡಳು. ಅವಳಿಂದ ಒಂದು ಮೀಟರ್ ದೂರದಲ್ಲಿ ಮೀಟರ್ ಹಿಡಿದು ಅಳೆದಾಗ ಗಂಟೆಗೆ 180 ಮೈಕ್ರೋಸೀವರ್ಟ್. ಮನೆಗೆ ಕಳಿಸಲು ಅವರು ಇಟ್ಟುಕೊಂಡಿದ್ದ ಮಿತಿ 50. ಮರುದಿನ ಬೆಳಿಗ್ಗೆ ಅದೇ ಹೊತ್ತಿಗೆ ಅಳೆದರೆ 70.

ಒಂದೇ ದಿನಕ್ಕೆ 180ರಿಂದ 70! ನನ್ನ ಎಂಟು ದಿನದ ಲೆಕ್ಕದ ಪ್ರಕಾರ 165 ಇರಬೇಕಾಗಿತ್ತು. ಬೆಂಚಿನ ಮೇಲೆ ಕುಳಿತು ಮತ್ತೆ ಬರೆದೆ. 180 ಭಾಗ 70ರ ಲಾಗ್ 0.4102. ಒಂದು ದಿನಕ್ಕೆ ಅಷ್ಟು ಇಳಿದಿದೆ. ಅರ್ಧವಾಗಲು ಬೇಕಾದದ್ದು 0.3010. ಅಂದರೆ 24 ಗಂಟೆಯನ್ನು 0.3010ರಿಂದ ಗುಣಿಸಿ 0.4102ರಿಂದ ಭಾಗಿಸಿದರೆ 17.6 ಗಂಟೆ. ಎಂಟು ದಿನದ ಅರ್ಧಾಯು ನನ್ನ ತಂಗಿಯ ಮೈಯಲ್ಲಿ ಹದಿನೇಳೂವರೆ ಗಂಟೆಯದಾಗಿತ್ತು.

ಎರಡು ನಲ್ಲಿಗಳ ಲೆಕ್ಕದಲ್ಲಿ ಕಾಲಗಳನ್ನು ಕೂಡಬಾರದು, ವೇಗಗಳನ್ನು ಕೂಡಬೇಕು. ಅಂದರೆ ಕಾಲದ ವಿಲೋಮಗಳನ್ನು. ಒಂದು ಭಾಗ 17.6ರಲ್ಲಿ ಒಂದು ಭಾಗ 192.5 (ಎಂಟು ದಿನ ಚಿಲ್ಲರೆಯ ಗಂಟೆಗಳು) ಕಳೆದು ವಿಲೋಮ ತೆಗೆದರೆ 19.4 ಗಂಟೆ ಬರುತ್ತದೆ. ಶರೀರವೊಂದೇ ಕೆಲಸ ಮಾಡಿದ್ದರೂ 19.4 ಗಂಟೆಗೆ ಅರ್ಧ ಖಾಲಿ. ಪರಮಾಣು ಒಡೆಯುವುದಕ್ಕಿಂತ ಹತ್ತುಪಟ್ಟು ಕೆಲಸವನ್ನು ಮೂತ್ರಪಿಂಡಗಳು ಮಾಡುತ್ತಿದ್ದವು. ನಾನು ಬಿಟ್ಟುಬಿಟ್ಟಿದ್ದ ನಲ್ಲಿಯೇ ದೊಡ್ಡ ನಲ್ಲಿ.

ಹಾಗಾದರೆ 50 ಆಗುವುದು ಯಾವಾಗ? 180 ಭಾಗ 50ರ ಲಾಗ್ 0.5563. ಭಾಗ 0.4102. ಒಂದು ದಿನ ಎಂಟೂವರೆ ಗಂಟೆ. ಅಂದರೆ ಅವತ್ತೇ ಸಂಜೆ ಆರೂವರೆ. ಓಡಿಹೋಗಿ ಹೇಳಿದೆ. ‘ಲೆಕ್ಕ ಹೇಳಿದ್ರ ಸಾಲದ್ರಿ ಸರ, ಮೀಟರ್ ಹೇಳಬೇಕು’ ಎಂದು ನಕ್ಕರು. ಮೂರನೆಯ ದಿನ ಬೆಳಿಗ್ಗೆ ಮೀಟರ್ 27 ಎಂದಿತು. ತಂಗಿ ಹೊರಗೆ ಬಂದಳು.

ಬಸ್ಸಿನಲ್ಲಿ ಊರಿಗೆ ಬಂದವನು (ತಂಗಿಯನ್ನು ಭಾವ ಕಾರಿನ ಹಿಂದಿನ ಸೀಟಿನ ಮೂಲೆಯಲ್ಲಿ ಕೂರಿಸಿ ಕರೆತಂದರು) ಮಾಡಿದ ಮೊದಲ ಕೆಲಸ, ಶಾಲೆಯ ಗ್ರಾಫ್ ಹಾಳೆಯ ಮೇಲೆ ಆ ಮೂರು ಅಂಕಿಗಳನ್ನು ಗುರುತಿಸಿದ್ದು. 180, 70, 27: ಹಾಗೆಯೇ ಗುರುತಿಸಿದರೆ ಜಾರುಬಂಡೆಯಂತೆ ಬಾಗಿದ ಗೆರೆ. ಅವುಗಳ ಲಾಗ್ ಗುರುತಿಸಿದೆ: 2.2553, 1.8451, 1.4314. ಅಡಿಕೋಲು ಇಟ್ಟಂತೆ ನೇರ. ವರ್ಷವರ್ಷ ‘ಘಾತೀಯ ಕ್ಷಯ’ ಎಂದು ಬೋರ್ಡಿನ ಮೇಲೆ ಬರೆದಿದ್ದವನಿಗೆ ಅದನ್ನು ಕಣ್ಣಾರೆ ಕಂಡಂತಾದದ್ದು ಅವತ್ತು. ಉಳಿದಿರುವುದರಲ್ಲಿ ಇಷ್ಟು ಪಾಲು ಎಂದು ಕಡಿಮೆಯಾಗುವ ಯಾವುದನ್ನೇ ಆಗಲಿ, ಲಾಗ್ ನೇರ ಗೆರೆಯಾಗಿಸುತ್ತದೆ. ಇದು ಚಕ್ರಬಡ್ಡಿಯನ್ನು ತಲೆಕೆಳಗು ಮಾಡಿದಂತೆ. ಚಕ್ರಬಡ್ಡಿ ಗೊತ್ತಿರುವ ಪೋಷಕರಿಗೆ ನಾನು ಬೇರೆ ಉದಾಹರಣೆ ಹೇಳುವುದಿಲ್ಲ.

‘ಎಷ್ಟು ಸಲ ಅರ್ಧ’ ಎಂಬ ಈ ಎಣಿಕೆ ನಮಗೆ ಹೊಸದಲ್ಲ ಎಂಬುದು ನನಗೆ ತಿಳಿದದ್ದು ಇನ್ನೂ ತಡವಾಗಿ. ಒಂಬತ್ತನೆಯ ಶತಮಾನದ ವೀರಸೇನಾಚಾರ್ಯರ ‘ಧವಲಾ’ ಟೀಕೆಯಲ್ಲಿ ‘ಅರ್ಧಚ್ಛೇದ’ ಎಂಬ ಮಾತು ಬರುತ್ತದೆ. ಒಂದು ಸಂಖ್ಯೆಯನ್ನು ಎಷ್ಟು ಬಾರಿ ಅರ್ಧ ಮಾಡಬಹುದೋ ಅದು ಅದರ ಅರ್ಧಚ್ಛೇದ. 32ರದು 5, 1024ರದು 10. ಎರಡು ಸಂಖ್ಯೆಗಳ ಗುಣಲಬ್ಧದ ಅರ್ಧಚ್ಛೇದ ಅವುಗಳ ಅರ್ಧಚ್ಛೇದಗಳ ಮೊತ್ತ ಎಂಬ ನಿಯಮವೂ ಅಲ್ಲಿದೆ. ಆ ಗ್ರಂಥ ಉಳಿದು ಬಂದದ್ದು ನಮ್ಮ ಮೂಡುಬಿದಿರೆಯ ಬಸದಿಯಲ್ಲಿ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ. ಹಾಗೆಂದು ನೇಪಿಯರನಿಗಿಂತ ನಾವೇ ಮೊದಲು ಎಂಬ ಜಗಳಕ್ಕೆ ನಾನಿಲ್ಲ. ವೀರಸೇನರು ಕೋಷ್ಟಕ ಮಾಡಲಿಲ್ಲ, ಅರ್ಧದ ಎಣಿಕೆ 1.74 ಆಗುವ ಸಂಗತಿಗೆ ಅವರು ಹೋಗಲಿಲ್ಲ. ಆದರೆ ಅರ್ಧಾಯುವಿನ ಪಾಠ ಮಾಡುವಾಗ ಬೋರ್ಡಿನ ಮೇಲೆ ಬರೆಯಲು ಇದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ.

ಮನೆಗೆ ಬಂದ ಮೇಲೂ ತಂಗಿ ಮಗುವಿನಿಂದ ಹನ್ನೆರಡು ದಿನ ದೂರವಿರಬೇಕೆಂದು ಬರೆದುಕೊಟ್ಟಿದ್ದರು. ಅವಳು ನಡುಮನೆಯ ಬಾಗಿಲ ಒಳಗೆ, ಮಗು ಹೊರಗೆ ಜಗಲಿಯ ಮೇಲೆ. ನಾನು ಶಾಲೆಯ ಸೀಮೆಸುಣ್ಣ ತಂದು ತಂಗಿಯ ಕುರ್ಚಿಯಿಂದ ಎರಡು ಮೀಟರ್ ಅಳೆದು ಜಗಲಿಗೆ ಅಡ್ಡಲಾಗಿ ಗೆರೆ ಎಳೆದೆ. ದೂರ ಎರಡರಷ್ಟಾದರೆ ವಿಕಿರಣ ಕಾಲು ಭಾಗ. ಇದು ವರ್ಗದ ನಿಯಮ, ಅರ್ಧಿಸುತ್ತ ಹೋಗುವ ನಿಯಮವಲ್ಲ. ಪರೀಕ್ಷೆಯಲ್ಲಿ ಮಕ್ಕಳು ಇವೆರಡನ್ನೂ ಕಲಸುತ್ತಾರೆ. ಗೆರೆಯ ಆಚೆಗೆ ಅಮ್ಮ, ಈಚೆಗೆ ಮಗು, ನಡುವೆ ಅಜ್ಜಿ. ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ.

ನನಗೆ ಈ ಹನ್ನೆರಡು ದಿನವೂ ಜಾಸ್ತಿ ಎನಿಸಿತು. ಹದಿನೇಳೂವರೆ ಗಂಟೆಗೆ ಅರ್ಧ ಎಂದರೆ ಗುಳಿಗೆ ನುಂಗಿದ ಏಳನೆಯ ದಿನಕ್ಕೆ ಒಂಬತ್ತೂವರೆ ಅರ್ಧಗಳು, 180 ಇದ್ದದ್ದು 0.24 ಆಗಿರಬೇಕು. ಏಳನೆಯ ದಿನ ಸ್ಕ್ಯಾನಿಗೆ ಹೋದಾಗ ಗ್ರಾಫ್ ಹಾಳೆಯನ್ನೂ ಒಯ್ದೆ. ಅಡಿಕೋಲಿಟ್ಟು ಆ ಗೆರೆಯನ್ನು ಏಳನೆಯ ದಿನದವರೆಗೆ ಎಳೆದಿದ್ದೆ. ಮೀಟರ್ ತೋರಿಸಿದ್ದು 1.5. ನನ್ನ ಲೆಕ್ಕಕ್ಕಿಂತ ಆರು ಪಟ್ಟು.

ಎರಡನೆಯ ಸಲ ಪೆಚ್ಚಾದೆ. ಆದರೆ ಈ ಸಲ ವಿವರಣೆ ಕೇಳಿ ಬೇರೆಯದೇ ಏನೋ ಆಯಿತು. ರಕ್ತದಲ್ಲಿದ್ದ ಅಯೋಡಿನ್ ಬೇಗ ಓಡಿಹೋಗಿದೆ, ಮೊದಲ ಮೂರು ದಿನ ಮೀಟರ್ ಕಂಡದ್ದು ಅದನ್ನು. ಕತ್ತಿನಲ್ಲಿ ಉಳಿದಿದ್ದ ಥೈರಾಯ್ಡಿನ ಚೂರು ಕಚ್ಚಿ ಹಿಡಿದುಕೊಂಡ ಸ್ವಲ್ಪ ಭಾಗಕ್ಕೆ ಮೂತ್ರಪಿಂಡದ ನಲ್ಲಿ ತಾಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಅದು ದಿನಗಳ ಲೆಕ್ಕದಲ್ಲಿ ನಿಧಾನವಾಗಿ ಇಳಿಯುತ್ತದೆ. ಒಂದೇ ಗೆರೆಯಲ್ಲ, ಎರಡು ಗೆರೆ. ಮೊದಲು ಕಡಿದಾದದ್ದು, ಆಮೇಲೆ ಓರೆಯಾದದ್ದು. ಬೇಗ ಹೋಗಲಿ ಎಂದು ನಾವೆಲ್ಲ ಬೇಡಿಕೊಂಡಿದ್ದ ಆ ದೊಡ್ಡ ಪಾಲು ಚಿಕಿತ್ಸೆ ಮಾಡುವುದಲ್ಲ. ಹೋಗದೆ ಕುಳಿತ 1.5ರಲ್ಲಿ ಚಿಕಿತ್ಸೆ ಇತ್ತು.

ಇವೆಲ್ಲ ನನ್ನ ತಂಗಿಯ ಅಂಕಿಗಳು. ಇನ್ನೊಬ್ಬರ ಶರೀರದಲ್ಲಿ ಬೇರೆ ಬರುತ್ತವೆ, ವೈದ್ಯರು ಹೇಳಿದ ದಿನವೇ ದಿನ. ಮನೆಯಲ್ಲಿ ಮೇಷ್ಟ್ರಿದ್ದರೆ ಅವರಿಗೂ ಇದನ್ನು ಓದಿಸಿ.

ಅದಾದ ಮೇಲೆ ತರಗತಿಯಲ್ಲಿ ನನ್ನ ಮಾತು ಬದಲಾಯಿತು. ಹತ್ತನೆಯ ತರಗತಿಯಲ್ಲಿ ಪಿಎಚ್ ಪಾಠ ಬಂದಾಗ, ನಿಂಬೆರಸ 2ರ ಆಸುಪಾಸು, ಮೊಸರು 4ರ ಆಸುಪಾಸು, ವ್ಯತ್ಯಾಸ ಎರಡೇ ಎಂದು ಬರೆದುಕೊಳ್ಳಲು ಬಿಡುವುದಿಲ್ಲ. ಆ ಎರಡು ಎಂದರೆ ನೂರು ಪಟ್ಟು ಎಂದು ಹೇಳಿಸುತ್ತೇನೆ. ಡಿಪ್ಲೊಮಾ ಓದುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಒಮ್ಮೆ ಬಂದು, ಯಂತ್ರದ ವಿದ್ಯುತ್ ಆರಿಸಿದ ಮೇಲೂ ಕೆಪಾಸಿಟರ್ ಮುಟ್ಟಲು ಎಷ್ಟು ಹೊತ್ತು ಕಾಯಬೇಕು ಸಾರ್ ಎಂದು ಕೇಳಿದ. 1000 ಮೈಕ್ರೋಫ್ಯಾರಡ್, 10,000 ಓಮ್ ರೋಧದ ಮೂಲಕ ಬರಿದಾಗುತ್ತಿದೆ. ಎರಡನ್ನೂ ಗುಣಿಸಿದರೆ 10 ಸೆಕೆಂಡು. 400 ವೋಲ್ಟ್ 40ಕ್ಕೆ ಇಳಿಯಲು ಆ ಹತ್ತರ 2.303 ಪಟ್ಟು, 23 ಸೆಕೆಂಡು. ಅವನ ಪ್ರಶ್ನೆಯೂ ‘ಯಾವಾಗ’ ಎಂಬುದೇ. ಇಷ್ಟು ದಿನದ ಮೇಲೆ ಎಷ್ಟು ಉಳಿಯುತ್ತದೆ ಎಂದು ಕೇಳಿದರೆ ಘಾತ ಸಾಕು. ಇಷ್ಟು ಉಳಿಯುವುದು ಯಾವಾಗ ಎಂದು ಕೇಳಿದರೆ ಲಾಗ್ ಬೇಕು. ಆಸ್ಪತ್ರೆಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ ಕಾಯುತ್ತ ಕುಳಿತವರು ಕೇಳುವುದು ಎರಡನೆಯದನ್ನೇ.

ಇಷ್ಟನ್ನೂ ಹುಡುಗಿಗೆ ಹೇಳುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತಾಯಿತು. ಪುಸ್ತಕ ತೆಗೆಯಿರಿ ಎಂದು ಒಳಗಿನಿಂದ ಎರಡು ಸಲ ಕರೆ ಬಂತು.

‘2.303 ಉಳಿದೇಹೋಯ್ತು ಮಾವ’ ಎಂದಳು.

ಪ್ರಕೃತಿ ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಬಡ್ಡಿ ಕಟ್ಟುವುದಿಲ್ಲ, ಕ್ಷಣಕ್ಷಣಕ್ಕೂ ಕಟ್ಟುತ್ತದೆ. ಹಾಗೆ ಕಟ್ಟಿದಾಗ ತಾನಾಗಿ ಎದುರಾಗುವ ಸಂಖ್ಯೆ 2.718, ಅದಕ್ಕೆ ಇ ಎಂದು ಹೆಸರು, ನಮ್ಮ ಕೋಷ್ಟಕ ಇರುವುದು ಹತ್ತರ ಆಧಾರದಲ್ಲಿ, ಆ 2.718 ಅನ್ನು 2.303ನೆಯ ಘಾತಕ್ಕೆ ಏರಿಸಿದರೆ ಹತ್ತು; ಅದು ಆ ಭಾಷೆಯಿಂದ ಈ ಭಾಷೆಗೆ ದಾಟಲು ಕೊಡುವ ಸುಂಕ ಎಂದೆ. 2.303ನ್ನು 0.3010ರಿಂದ ಗುಣಿಸಿ ನೋಡು ಎಂದೆ. 0.693 ಬಂತು. ‘ಅರ್ಧಾಯು ಸೂತ್ರದ್ದು!’ ಎಂದು ಕೂಗಿದಳು. ಆಮೇಲೆ ತಾನೇ ಪೆನ್ನು ಹಿಡಿದು, 8.02ನ್ನು 0.693ರಿಂದ ಭಾಗಿಸಿ, 2.303ರಿಂದ ಗುಣಿಸಿ, ಹತ್ತರಲ್ಲೊಂದಾಗಲು ಇಪ್ಪತ್ತಾರೂವರೆ ದಿನ ಚಿಲ್ಲರೆ, ಸಾವಿರದಲ್ಲೊಂದಾಗಲು ಅದರ ಮೂರರಷ್ಟು ಎಂದು ಬರೆದು, ‘ಎಂಬತ್ತು. ತೊಟ್ಟಿಯ ಲೆಕ್ಕ ಸರಿ ಇದೆ ಮಾವ’ ಎಂದು ನನ್ನತ್ತ ನೋಡಿದಳು.

ನಾನು ಬೀರುವಿನಿಂದ ಹಳೆಯ ಕ್ಲಾರ್ಕ್ಸ್ ಟೇಬಲ್ಸ್ ತಂದು ಕೊಟ್ಟೆ. ಅದರೊಳಗೆ ಮಡಿಸಿಟ್ಟಿದ್ದ ಔಷಧಿ ಅಂಗಡಿಯ ಬಿಲ್ಲು, ಗ್ರಾಫ್ ಹಾಳೆ ಎರಡೂ ಹಾಗೆಯೇ ಇದ್ದವು. ಅವಳು ಹಾಳೆಯನ್ನು ಬಹಳ ಹೊತ್ತು ನೋಡಿದಳು. ಪ್ರತಿವರ್ಷದ ತಪಾಸಣೆಗೆ ಅಮ್ಮನ ಜೊತೆ ಹೋಗುವವಳು ಈಗ ಅವಳೇ. ಇದುವರೆಗೆ ಎಲ್ಲ ಸರಿಯಾಗಿಯೇ ಇದೆ.

‘ಜಗಲಿ ಮೇಲೆ ಬಿಳಿ ಗೆರೆ ಇದ್ದದ್ದು ನೆನಪಿದೆ ಮಾವ’ ಎಂದಳು. ‘ಅಜ್ಜಿ ರಂಗೋಲಿ ಶುರು ಮಾಡಿ ಅರ್ಧಕ್ಕೇ ಬಿಟ್ಟಿದ್ದಾಳೆ ಅಂದುಕೊಂಡಿದ್ದೆ.’